ಮೊದಲ ಮಾತಿನ ಭಾರವನ್ನು ಹಂಚಿಕೊಳ್ಳುವುದು

(ಆತ್ಮಹತ್ಯೆಯ ಯೋಚನೆ, ಸ್ವಹಾನಿ ಮತ್ತು ನೆರವು ಕುರಿತ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಇಂದಿನ ವಿಷಯ ಏನೆಂದು ಗೊತ್ತಿದ್ದೂ ಇಷ್ಟು ಜನ ಬಂದಿದ್ದೀರಿ. ಕೆಲವರು ನಿಮ್ಮ ಮಕ್ಕಳಿಗಾಗಿ, ಗೆಳೆಯರಿಗಾಗಿ ಬಂದಿರಬಹುದು. ಕೆಲವರು ನಿಮಗಾಗಿಯೇ ಬಂದಿರಬಹುದು. ಅಂಥವರನ್ನು ಮಾತು ಮುಗಿಯುವವರೆಗೆ ಕಾಯಿಸುವುದು ಸರಿಯಲ್ಲ. ಹಾಗಾಗಿ ಎಲ್ಲಕ್ಕಿಂತ ಮುಖ್ಯವಾದುದನ್ನು ಮೊದಲೇ ಹೇಳಿಬಿಡುತ್ತೇನೆ.

ಸಾಯಬೇಕು ಅನ್ನಿಸುತ್ತಿದ್ದರೆ, ಅಥವಾ ನನ್ನನ್ನು ನಾನೇ ನೋಯಿಸಿಕೊಳ್ಳದೆ ಈ ರಾತ್ರಿ ಕಳೆಯಲಾರೆ ಅನ್ನಿಸುತ್ತಿದ್ದರೆ, ದಯವಿಟ್ಟು ಒಬ್ಬರೇ ಇರಬೇಡಿ. ಭಾರತದಲ್ಲಿ 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಸಿಗುತ್ತದೆ. ಅದು ಉಚಿತ, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಅಮೆರಿಕ ಮತ್ತು ಕೆನಡಾದಲ್ಲಿರುವವರಿಗೆ 988, ಬ್ರಿಟನ್ನಿನಲ್ಲಿರುವವರಿಗೆ 116 123. ಈಗಾಗಲೇ ಗಾಯವಾಗಿದ್ದರೆ, ಅಪಾಯಕಾರಿಯಾದುದೇನನ್ನಾದರೂ ಸೇವಿಸಿದ್ದರೆ, ಸಹಾಯವಾಣಿಗಾಗಿ ಕಾಯದೆ ನೇರವಾಗಿ ತುರ್ತು ಚಿಕಿತ್ಸೆಗೆ ಹೋಗಬೇಕು. ಭಾರತದಲ್ಲಾದರೆ 112ಕ್ಕೆ ಕರೆ ಮಾಡಬಹುದು. ಮೈಗೆ ಏನೂ ಆಗಿಲ್ಲವೆಂದು ಕಂಡರೂ ಹೋಗಲೇಬೇಕು, ಏಕೆಂದರೆ ಕೆಲವು ವಸ್ತುಗಳ ಪರಿಣಾಮ ತಡವಾಗಿ ತಿಳಿಯುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 7,27,000 ಮಂದಿ ಆತ್ಮಹತ್ಯೆಯಿಂದ ಸತ್ತರು. 15ರಿಂದ 29 ವರ್ಷದವರ ಸಾವಿಗೆ ಅದು ಮೂರನೆಯ ದೊಡ್ಡ ಕಾರಣವಾಗಿತ್ತು. ಯತ್ನಿಸಿ ಬದುಕಿದವರ ಸಂಖ್ಯೆ ಇದರ ಎಷ್ಟೋ ಪಟ್ಟು. ಇನ್ನು, ಯೋಚನೆಯನ್ನು ಒಳಗೇ ಇಟ್ಟುಕೊಂಡು ಕೆಲಸಕ್ಕೆ ಹೋಗುತ್ತಾ, ಪರೀಕ್ಷೆ ಬರೆಯುತ್ತಾ, ಮನೆ ನಡೆಸುತ್ತಾ ದಿನ ದೂಡುತ್ತಿರುವವರು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಇಂದು ನಾನು ಮುಖ್ಯವಾಗಿ ಮಾತನಾಡುವುದು ಅವರನ್ನು ಕುರಿತು.

ಅವರಿಗೆ ನಾವು ಯಾವಾಗಲೂ ಹೇಳುವ ಮಾತು ಒಂದೇ: "ಯಾರ ಬಳಿಯಾದರೂ ಹೇಳಿಕೊಳ್ಳಿ." ಮಾತೇನೋ ಸರಿ. ಆದರೆ ಯಾರ ಬಳಿ, ಯಾವ ಶಬ್ದಗಳಲ್ಲಿ, ಹೇಳಿದ ಮೇಲೆ ಏನಾಗುತ್ತದೆ ಎಂಬುದನ್ನು ನಾವು ಹೇಳಿಕೊಡುವುದಿಲ್ಲ. ಮನಸ್ಸು ತೀರಾ ಸೋತಿರುವ ಗಳಿಗೆಯಲ್ಲಿ, ಬದುಕಿನಲ್ಲೇ ಅತ್ಯಂತ ಕಷ್ಟದ ವಾಕ್ಯವನ್ನು ಒಬ್ಬರೇ ಕಟ್ಟಿಕೊಂಡು ಬರಲಿ ಎಂದು ಬಿಟ್ಟುಬಿಡುತ್ತೇವೆ. ಇದು ಅನ್ಯಾಯ. ಆ ವಾಕ್ಯದ ಭಾರದಲ್ಲಿ ಒಂದು ಪಾಲನ್ನು ಸುತ್ತಲಿನವರು ಹೊರಬೇಕು. ಉಳಿದ ಪಾಲನ್ನು ಮನಸ್ಸು ಸ್ವಲ್ಪ ತಿಳಿಯಾಗಿರುವಾಗಲೇ ಸಿದ್ಧ ಮಾಡಿಟ್ಟುಕೊಳ್ಳಬಹುದು. ನನಗೆ ಇವತ್ತು ಹೇಳಬೇಕಾಗಿರುವುದು ಇಷ್ಟೇ, ಆದರೆ ಇದನ್ನು ಬಿಡಿಸಿ ಹೇಳಬೇಕು.

ಮನಸ್ಸು ಆ ಹೊತ್ತಿನಲ್ಲಿ ಹೇಗಿರುತ್ತದೆ ಎಂಬುದನ್ನು ಆಳವಾಗಿ ನೋಡಿದವರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವಿನ್ ಶ್ನೈಡ್‌ಮನ್ ಒಬ್ಬರು. 1958ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಆತ್ಮಹತ್ಯೆ ತಡೆ ಕೇಂದ್ರವನ್ನು ಕಟ್ಟಿದವರಲ್ಲಿ ಅವರೂ ಇದ್ದರು. ಅವರು ಮತ್ತೆ ಮತ್ತೆ ಹೇಳಿದ್ದು ಎರಡು ಸಂಗತಿ. ಮೊದಲನೆಯದು, ಆತ್ಮಹತ್ಯೆಯ ಬುಡದಲ್ಲಿರುವುದು ಸಹಿಸಲಾಗದ ಮನೋವೇದನೆ. ಆ ವ್ಯಕ್ತಿಗೆ ಬೇಕಾಗಿರುವುದು ವೇದನೆ ನಿಲ್ಲುವುದು. ಎರಡನೆಯದು, ಆ ಗಳಿಗೆಯಲ್ಲಿ ದೃಷ್ಟಿ ಕಿರಿದಾಗುತ್ತದೆ. ಹತ್ತಾರು ದಾರಿಗಳಿರುವಲ್ಲಿ ಎರಡೇ ಕಾಣಿಸುತ್ತವೆ: ಒಂದೋ ಈ ನೋವು ಹೀಗೇ ಇರಬೇಕು, ಇಲ್ಲವೋ ನಾನು ಇರಬಾರದು. ಜೊತೆಗೆ, ಬದುಕಬೇಕೆಂಬ ಆಸೆಯೂ ಸಾಯಬೇಕೆಂಬ ಯೋಚನೆಯೂ ಒಂದೇ ಮನಸ್ಸಿನಲ್ಲಿ ಒಟ್ಟಿಗೇ ಇರುತ್ತವೆ. ಆದ್ದರಿಂದ "ನಿಜವಾಗಿಯೂ ಸಾಯಬೇಕೆಂದಿದ್ದರೆ ಅವರು ಹೇಳುತ್ತಿರಲಿಲ್ಲ" ಎಂಬ ಮಾತನ್ನು ದಯವಿಟ್ಟು ಎಲ್ಲೂ ಆಡಬೇಡಿ. ಹೇಳುವುದು, ಸುಳಿವು ಕೊಡುವುದು, ಕೊನೆಯ ಕ್ಷಣದಲ್ಲಿ ಫೋನ್ ಎತ್ತಿಕೊಳ್ಳುವುದು, ಎಲ್ಲವೂ ಬದುಕಬೇಕೆನ್ನುವ ಆ ಭಾಗದ ಕೆಲಸ.

ಈ ಗಳಿಗೆ ಶಾಶ್ವತವಲ್ಲ ಎಂಬುದಕ್ಕೆ ಆಧಾರವಿದೆ. ಆತ್ಮಹತ್ಯೆಗೆ ಮುಂದಾಗಿ ಕಡೆಯ ಕ್ಷಣದಲ್ಲಿ ತಡೆಯಲ್ಪಟ್ಟಿದ್ದ 515 ಮಂದಿ ಮುಂದೆ ಏನಾದರು ಎಂದು ರಿಚರ್ಡ್ ಸೀಡನ್ ಎಂಬ ಸಂಶೋಧಕರು ಹುಡುಕಿ 1978ರಲ್ಲಿ ಪ್ರಕಟಿಸಿದರು. ಸರಾಸರಿ 26 ವರ್ಷಗಳ ನಂತರ ನೋಡಿದಾಗ ಅವರಲ್ಲಿ ಸುಮಾರು ಶೇ 94ರಷ್ಟು ಮಂದಿ ಬದುಕಿದ್ದರು, ಇಲ್ಲವೇ ಸಹಜ ಕಾರಣಗಳಿಂದ ತೀರಿಕೊಂಡಿದ್ದರು. ಈ ಸಂಖ್ಯೆಯನ್ನು ನಾನು ಹಗುರವಾಗಿ ಹೇಳುತ್ತಿಲ್ಲ. ಅವರ ಬದುಕಿನ ಕಷ್ಟಗಳು ಮಾಯವಾದವು ಎಂದಲ್ಲ. ಸಾಯಲೇಬೇಕು ಅನ್ನಿಸಿದ ಆ ತೀವ್ರತೆ ಇಳಿಯಿತು. ಇಳಿಯುವವರೆಗೆ ಜೀವ ಉಳಿಸಿಕೊಳ್ಳುವುದೇ ಆ ಹೊತ್ತಿನ ಕೆಲಸ. ಅದಕ್ಕಾಗಿಯೇ ಅಪಾಯಕಾರಿ ವಸ್ತುಗಳನ್ನು ಕೈಗೆ ಸಿಗದಂತೆ ದೂರ ಇಡುವುದು, ಬೇರೆಯವರ ವಶಕ್ಕೆ ಕೊಡುವುದು, ತುಂಬ ಸರಳವಾಗಿ ಕಂಡರೂ ಅತ್ಯಂತ ಪರಿಣಾಮಕಾರಿ ಕ್ರಮಗಳಲ್ಲಿ ಒಂದು.

ಈಗ ಸ್ವಹಾನಿಯ ವಿಷಯ. ಇದನ್ನು ಬೇರೆಯಾಗಿಯೇ ಹೇಳಬೇಕು, ಏಕೆಂದರೆ ತನ್ನನ್ನು ತಾನು ಗಾಯಗೊಳಿಸಿಕೊಳ್ಳುವ ಬಹಳಷ್ಟು ಮಂದಿಗೆ ಆ ಹೊತ್ತಿನಲ್ಲಿ ಸಾಯುವ ಉದ್ದೇಶ ಇರುವುದಿಲ್ಲ. ಒಳಗೆ ಉಕ್ಕುವ ಸಂಕಟವನ್ನು, ಕೋಪವನ್ನು, ಅವಮಾನವನ್ನು ಹೇಗಾದರೂ ಇಳಿಸಬೇಕಾಗಿರುತ್ತದೆ. ಕೆಲವರಿಗೆ ಏನೂ ಅನ್ನಿಸದ ಮರಗಟ್ಟುವಿಕೆಯಿಂದ ಹೊರಬರಬೇಕಾಗಿರುತ್ತದೆ. ಗಾಯದಿಂದ ಸ್ವಲ್ಪ ಹೊತ್ತು ನಿರಾಳವಾಗುತ್ತದೆ, ಇದನ್ನು ಸುಳ್ಳೆನ್ನಲಾಗದು. ಆಮೇಲೆ ನಾಚಿಕೆ ಬರುತ್ತದೆ, ಮುಚ್ಚಿಡಬೇಕಾಗುತ್ತದೆ, ಮುಚ್ಚಿಟ್ಟಷ್ಟೂ ಒಂಟಿತನ ಹೆಚ್ಚುತ್ತದೆ, ಒಂಟಿತನದಿಂದ ಮತ್ತೆ ಸಂಕಟ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ ಹದಿಹರೆಯದವರಲ್ಲಿ ಸುಮಾರು ಶೇ 17ರಷ್ಟು ಮಂದಿ ಒಮ್ಮೆಯಾದರೂ ಹೀಗೆ ಮಾಡಿಕೊಂಡಿದ್ದಾರೆ. ಅಂದರೆ ಒಂದು ತರಗತಿಯಲ್ಲಿ ಒಂದೆರಡು ಮಕ್ಕಳಲ್ಲ, ಅದಕ್ಕಿಂತ ಹೆಚ್ಚು. "ಗಮನ ಸೆಳೆಯಲು ಮಾಡುತ್ತಾರೆ" ಎನ್ನುವವರು ಒಂದು ಕ್ಷಣ ಯೋಚಿಸಬೇಕು: ಗಮನ ಬೇಕಾದವರು ಬೇಸಿಗೆಯಲ್ಲೂ ತುಂಬುತೋಳು ಹಾಕಿಕೊಂಡು ಏಕೆ ಮುಚ್ಚಿಡುತ್ತಾರೆ? ಇನ್ನು, ಒಂದು ಮಗು ಗಮನಕ್ಕಾಗಿಯೇ ಹೀಗೆ ಮಾಡಿಕೊಂಡಿತೆಂದು ಇಟ್ಟುಕೊಂಡರೂ ಆ ಮಗುವಿಗೆ ಗಮನ ಕೊಡಬೇಕೆಂಬುದೇ ಅದರ ಅರ್ಥ.

ಉದ್ದೇಶ ಬೇರೆಯೆಂದ ಮಾತ್ರಕ್ಕೆ ಸ್ವಹಾನಿಯನ್ನು ಸಣ್ಣದೆಂದು ತಿಳಿಯುವಂತಿಲ್ಲ. ಅದು ಮುಂದೆ ಆತ್ಮಹತ್ಯೆಯ ಅಪಾಯವನ್ನು ಹೆಚ್ಚಿಸುತ್ತದೆ. ಬೈದು, ಆಣೆ ಹಾಕಿಸಿ ನಿಲ್ಲಿಸಲು ಹೋದರೆ ಮಾತ್ರ ಅದು ಇನ್ನೂ ಒಳಕ್ಕೆ ಸರಿಯುತ್ತದೆ. ಸಂಕಟ ಉಕ್ಕಿದಾಗ ಬೇರೇನು ಮಾಡಬಹುದು ಎಂಬುದನ್ನು ಕಲಿಸಬೇಕು. ಇದಕ್ಕೆಂದೇ ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹಾನ್ ಒಂದು ಚಿಕಿತ್ಸಾ ಕ್ರಮವನ್ನು ರೂಪಿಸಿದರು. ಅದರ ಹೆಸರು ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ, ಚಿಕ್ಕದಾಗಿ ಡಿಬಿಟಿ. ಅದರಲ್ಲಿ ಭಾವನೆಗಳನ್ನು ಗುರುತಿಸುವುದು, ಸಂಕಟವನ್ನು ಹೆಚ್ಚಿಸಿಕೊಳ್ಳದೆ ತಾಳಿಕೊಳ್ಳುವುದು, ಬೇಕಾದುದನ್ನು ಇನ್ನೊಬ್ಬರಲ್ಲಿ ಕೇಳುವುದು, ಇವುಗಳನ್ನು ಈಜು ಕಲಿಸಿದ ಹಾಗೆ ಹಂತ ಹಂತವಾಗಿ ಅಭ್ಯಾಸ ಮಾಡಿಸುತ್ತಾರೆ. ಹರೆಯದಲ್ಲಿ ತಾವೇ ತಮ್ಮನ್ನು ಗಾಯಗೊಳಿಸಿಕೊಳ್ಳುತ್ತಿದ್ದುದನ್ನೂ ಆಸ್ಪತ್ರೆಯಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಇದ್ದುದನ್ನೂ ಲಿನೆಹಾನ್ 2011ರಲ್ಲಿ ಎಲ್ಲರೆದುರು ಹೇಳಿಕೊಂಡರು. ಅಷ್ಟರಲ್ಲಿ ಅವರ ಚಿಕಿತ್ಸಾ ಕ್ರಮದಿಂದ ಎಷ್ಟೋ ದೇಶಗಳಲ್ಲಿ ಎಷ್ಟೋ ಜನರಿಗೆ ನೆರವಾಗಿತ್ತು. ಈ ಸಂಗತಿಯನ್ನು ಇಲ್ಲಿರುವ ಎಳೆಯರು ಕೇಳಿಸಿಕೊಳ್ಳಲಿ ಎಂದೇ ಹೇಳುತ್ತಿದ್ದೇನೆ.

ಹಾಗಾದರೆ ಮೊದಲ ಮಾತು ಹೇಗಿರಬೇಕು? ಕಾರಣ, ಇತಿಹಾಸ, ಯಾರ ತಪ್ಪು ಎಂಬುದೆಲ್ಲ ಇಲ್ಲದ ಸಣ್ಣ ಮಾತು ಸಾಕು. "ನನಗೆ ಕೆಲವು ದಿನಗಳಿಂದ ಬದುಕಿರುವುದೇ ಬೇಡ ಅನ್ನಿಸುತ್ತಿದೆ. ಒಬ್ಬಳೇ ಇರಲು ಭಯವಾಗುತ್ತಿದೆ." ಅಥವಾ "ನಾನು ನನ್ನನ್ನು ಗಾಯ ಮಾಡಿಕೊಳ್ಳುತ್ತಿದ್ದೇನೆ. ನಿಲ್ಲಿಸಲು ಆಗುತ್ತಿಲ್ಲ. ಬೈಯಬೇಡ, ಕೇಳಿಸಿಕೋ." ಇದನ್ನು ಬಾಯಿಬಿಟ್ಟು ಹೇಳಲೇಬೇಕೆಂದಿಲ್ಲ. ಚೀಟಿಯಲ್ಲಿ ಬರೆದು ಕೈಗೆ ಕೊಡಬಹುದು, ಮೊಬೈಲಿನಲ್ಲಿ ಸಂದೇಶ ಕಳುಹಿಸಬಹುದು. ಇನ್ನೊಂದು ಮಾತನ್ನು ಸೇರಿಸಿದರೆ ಕೇಳುವವರಿಗೂ ದಾರಿ ಸಿಗುತ್ತದೆ: ನಿಮಗೆ ಅವರಿಂದ ಏನು ಬೇಕು ಎಂಬುದು. "ಪರಿಹಾರ ಹೇಳಬೇಡ, ಇವತ್ತು ರಾತ್ರಿ ಜೊತೆಗಿರು." "ವೈದ್ಯರ ಬಳಿಗೆ ನನ್ನೊಂದಿಗೆ ಬಾ." ಎಷ್ಟೋ ಸಂದರ್ಭಗಳಲ್ಲಿ ಹತ್ತಿರದವರು ಪ್ರೀತಿ ಇದ್ದೂ ಎಡವುವುದು ಏನು ಮಾಡಬೇಕೆಂದು ತಿಳಿಯದ್ದಕ್ಕೆ.

ಯಾರಿಗೆ ಹೇಳಬೇಕು ಎಂದರೆ, ತುಂಬಾ ಪ್ರೀತಿಸುವವರಿಗೇ ಮೊದಲು ಹೇಳಬೇಕೆಂಬ ನಿಯಮವಿಲ್ಲ. ಅವರು ಗಾಬರಿಯಾಗಬಹುದು, ಅಳಬಹುದು, ಅವರನ್ನು ಸಮಾಧಾನ ಮಾಡುವ ಹೊಣೆಯೂ ನಿಮ್ಮ ಮೇಲೆಯೇ ಬೀಳಬಹುದು. ಸ್ವಲ್ಪ ದೂರದವರಾದರೂ ಗಾಬರಿಯಾಗದೆ ಕೇಳಿಸಿಕೊಳ್ಳುವವರು, ಒಬ್ಬ ಶಿಕ್ಷಕಿ, ಅತ್ತೆಯೋ ಚಿಕ್ಕಪ್ಪನೋ, ಕುಟುಂಬ ವೈದ್ಯರು, ಸಹೋದ್ಯೋಗಿ, ಮೊದಲ ಮಾತಿಗೆ ಹೆಚ್ಚು ಸೂಕ್ತವಾಗಬಹುದು.

ಹೆಸರೇ ಗೊತ್ತಿಲ್ಲದವರೂ ಆಗಬಹುದು. 1953ರ ನವೆಂಬರ್‌ನಲ್ಲಿ ಲಂಡನ್ನಿನಲ್ಲಿ ಚಾಡ್ ವಾರಾ ಎಂಬ ಪಾದ್ರಿ ಆತ್ಮಹತ್ಯೆಯ ಯೋಚನೆಯಲ್ಲಿರುವವರಿಗಾಗಿ ಒಂದು ದೂರವಾಣಿ ಸೇವೆ ಶುರು ಮಾಡಿದರು. ಅವರನ್ನು ಕಾಣಲು ಬಂದವರು ಸರದಿಗಾಗಿ ಕಾಯುತ್ತಿದ್ದಾಗ ಅಲ್ಲಿದ್ದ ಸ್ವಯಂಸೇವಕರ ಜೊತೆ ಮಾತನಾಡುತ್ತಿದ್ದರು. ಹಾಗೆ ಮಾತನಾಡಿದ ಎಷ್ಟೋ ಮಂದಿಗೆ ಪಾದ್ರಿಯನ್ನು ಕಾಣುವ ಅಗತ್ಯವೇ ಬೀಳಲಿಲ್ಲ. ವಾರಾ ಇದನ್ನು ಗಮನಿಸಿ, ಕೆಲವೇ ತಿಂಗಳಲ್ಲಿ ಕೇಳಿಸಿಕೊಳ್ಳುವ ಕೆಲಸವನ್ನು ಸ್ವಯಂಸೇವಕರಿಗೇ ಒಪ್ಪಿಸಿದರು. ಅದೇ ಸಮಾರಿಟನ್ಸ್ ಸಂಸ್ಥೆ. ತರಬೇತಿ ಪಡೆದ ಸಾಮಾನ್ಯ ಮನುಷ್ಯರು ಸಮಾಧಾನದಿಂದ ಕೇಳಿಸಿಕೊಂಡರೆ ಅದಕ್ಕೇ ಒಂದು ಶಕ್ತಿಯಿದೆ ಎಂಬುದು ಅಲ್ಲಿಂದ ಜಗತ್ತಿಗೆ ತಿಳಿಯಿತು.

ಸಹಾಯವಾಣಿಗೆ ಕರೆ ಮಾಡಲು ಸಾವಿನ ಅಂಚಿಗೆ ಬಂದಿರಬೇಕಾಗಿಲ್ಲ. "ನನಗಿಂತ ಕಷ್ಟದಲ್ಲಿರುವವರು ಇದ್ದಾರೆ, ಅವರ ಸಮಯ ನಾನೇಕೆ ತೆಗೆದುಕೊಳ್ಳಲಿ" ಎಂದು ಫೋನ್ ಕೆಳಗಿಡುವವರು ಬಹಳ. ದಯವಿಟ್ಟು ಇಡಬೇಡಿ. ಆ ಕಡೆಯವರು ಸಾಮಾನ್ಯವಾಗಿ ಮೊದಲು ಈಗ ಸುರಕ್ಷಿತವಾಗಿದ್ದೀರಾ, ಜೊತೆಯಲ್ಲಿ ಯಾರಾದರೂ ಇದ್ದಾರಾ ಎಂದು ಕೇಳುತ್ತಾರೆ. ಸಾಯುವ ಯೋಚನೆ ಇದೆಯೇ ಎಂದು ನೇರವಾಗಿಯೂ ಕೇಳಬಹುದು. ಅದು ವಿಚಾರಣೆಯಲ್ಲ, ಎಷ್ಟು ಹತ್ತಿರ ನಿಂತು ನೆರವಾಗಬೇಕೆಂದು ತಿಳಿಯುವ ಕ್ರಮ. ಮಾತು ಗುಟ್ಟಾಗಿರುತ್ತದೆ. ಜೀವಕ್ಕೆ ಕೂಡಲೇ ಅಪಾಯವಿದೆ ಎನ್ನಿಸಿದಾಗ ಮಾತ್ರ ಬೇರೆಯವರನ್ನು ಒಳಗೊಳ್ಳಬೇಕಾಗಬಹುದು. ಹಾಗಿದ್ದಾಗ ಏನು ಮಾಡುತ್ತೀರಿ ಎಂದು ಮೊದಲೇ ಕೇಳುವ ಹಕ್ಕು ನಿಮಗಿದೆ.

ಪೊಲೀಸ್, ಕೇಸು ಎಂಬ ಭಯ ಇನ್ನೂ ಎಷ್ಟೋ ಜನರನ್ನು ಆಸ್ಪತ್ರೆಯಿಂದ ದೂರ ಇಟ್ಟಿದೆ. ಒಂದು ಕಾಲದಲ್ಲಿ ಹಲವು ದೇಶಗಳಲ್ಲಿ ಆತ್ಮಹತ್ಯೆಗೆ ಯತ್ನಿಸುವುದು ಅಪರಾಧವಾಗಿತ್ತು. ಇಂಗ್ಲೆಂಡ್ 1961ರಲ್ಲಿ ಅದನ್ನು ತೆಗೆದುಹಾಕಿತು. ಭಾರತದಲ್ಲಿ 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಮು, ಯತ್ನಿಸಿದ ವ್ಯಕ್ತಿ ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎನ್ನುತ್ತದೆ. ಆರೈಕೆ, ಚಿಕಿತ್ಸೆ, ಪುನರ್ವಸತಿ ಒದಗಿಸುವುದು ಸರ್ಕಾರದ ಕರ್ತವ್ಯ ಎಂದೂ ಹೇಳುತ್ತದೆ. ಯತ್ನವನ್ನೇ ಅಪರಾಧವೆನ್ನುತ್ತಿದ್ದ, ಹಳೆಯ ಭಾರತೀಯ ದಂಡ ಸಂಹಿತೆಯ 309ನೇ ಕಲಮು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಉಳಿದಿಲ್ಲ.

ವೈದ್ಯರ ಬಳಿ ಹೋದಾಗ ತಲೆನೋವು, ನಿದ್ದೆ ಬರುತ್ತಿಲ್ಲ ಎಂದಷ್ಟೇ ಹೇಳಿ ಬರುವವರು ಹೆಚ್ಚು. ಬಾಗಿಲು ದಾಟುವ ಮೊದಲೇ ಎರಡು ಸಾಲು ಬರೆದುಕೊಂಡು ಹೋಗಿ, ಅದನ್ನೇ ಓದಿ. ಖಿನ್ನತೆಯ ಔಷಧಿ ಕೊಟ್ಟರೆ ಅದು ಕೆಲಸ ಮಾಡಲು ಕೆಲವು ವಾರ ಬೇಕು. ಶುರುವಿನ ದಿನಗಳಲ್ಲಿ, ಮುಖ್ಯವಾಗಿ 25 ವರ್ಷದೊಳಗಿನವರಲ್ಲಿ, ಚಡಪಡಿಕೆಯೋ ಸಾಯುವ ಯೋಚನೆಯೋ ಹೆಚ್ಚಾದರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕು. ತಾವಾಗಿಯೇ ಥಟ್ಟನೆ ನಿಲ್ಲಿಸಬಾರದು. ಇನ್ನೊಂದು ಮಾತು: ಚಿಕಿತ್ಸೆ ಹೇಗಿರಬೇಕೆಂದು ಸಲಹೆ ಕೊಡುವ ಬ್ರಿಟನ್ನಿನ ನೈಸ್ (NICE) ಸಂಸ್ಥೆ 2022ರಲ್ಲಿ ಹೊರಡಿಸಿದ ಸ್ವಹಾನಿ ಕುರಿತ ಮಾರ್ಗಸೂಚಿ, ಅಂಕ ಕೊಟ್ಟು ಅಪಾಯವನ್ನು ಅಳೆಯುವ ಪಟ್ಟಿಗಳನ್ನು ಇಟ್ಟುಕೊಂಡು ಯಾರಿಗೆ ಚಿಕಿತ್ಸೆ ಕೊಡಬೇಕು, ಯಾರಿಗೆ ಬೇಡ ಎಂದು ತೀರ್ಮಾನಿಸಬಾರದು ಎಂದು ಸ್ಪಷ್ಟವಾಗಿ ಹೇಳಿದೆ. ಆ ವ್ಯಕ್ತಿಯ ಬದುಕನ್ನು, ಅಗತ್ಯಗಳನ್ನು ಕುಳಿತು ಕೇಳಿ ತಿಳಿಯಬೇಕು. "ಗಾಯ ಅಷ್ಟೇನೂ ಆಳವಿಲ್ಲ" ಎಂದು ಯಾರಾದರೂ ನಿಮ್ಮನ್ನು ಹಿಂದಕ್ಕೆ ಕಳುಹಿಸಿದರೆ ಅದು ಒಳ್ಳೆಯ ವೈದ್ಯಕೀಯವಲ್ಲ. ಗಾಯದ ಆಳದಿಂದ ನೋವಿನ ಆಳವನ್ನು ಅಳೆಯಲಾಗದು.

ಮನಸ್ಸು ತಿಳಿಯಾಗಿರುವಾಗ ಮಾಡಿಟ್ಟುಕೊಳ್ಳುವ ಸಿದ್ಧತೆಯ ಬಗ್ಗೆ ಮೊದಲೇ ಹೇಳಿದೆ. ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಇದಕ್ಕೆ ಸುರಕ್ಷತಾ ಯೋಜನೆ ಎಂಬ ಸರಳ ರೂಪ ಕೊಟ್ಟರು. ಒಂದೇ ಹಾಳೆ. ಬಿರುಗಾಳಿ ಏಳುವ ಮುನ್ನ ನನ್ನಲ್ಲಿ ಏನೇನು ಕಾಣಿಸುತ್ತದೆ, ಉದಾಹರಣೆಗೆ ನಿದ್ದೆ ಬಿಡುವುದು, ಫೋನ್ ಎತ್ತದಿರುವುದು, "ನಾನು ಎಲ್ಲರಿಗೂ ಹೊರೆ" ಎಂಬ ಯೋಚನೆ ಮರುಕಳಿಸುವುದು. ಆಗ ನಾನೊಬ್ಬನೇ ಮಾಡಬಹುದಾದುದೇನು. ಯೋಚನೆ ಬೇರೆಡೆ ಹೊರಳಲು ಯಾರ ಜೊತೆ, ಎಲ್ಲಿ ಇರಬಹುದು. ನೇರವಾಗಿ ನೆರವು ಕೇಳಬಹುದಾದವರ ಹೆಸರು ಮತ್ತು ಫೋನ್ ನಂಬರ್. ವೈದ್ಯರ, ಸಹಾಯವಾಣಿಯ ನಂಬರ್. ಮನೆಯಲ್ಲಿ ಏನನ್ನು ದೂರ ಇಡಬೇಕು, ಯಾರ ಕೈಗೆ ಕೊಡಬೇಕು. ಇಷ್ಟೇ. 2018ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ತುರ್ತು ವಿಭಾಗಗಳಿಗೆ ಬಂದವರಿಗೆ ಈ ಹಾಳೆಯನ್ನು ಜೊತೆಗೆ ಕುಳಿತು ಬರೆಸಿ, ಆಮೇಲೆ ಫೋನ್ ಮಾಡಿ ವಿಚಾರಿಸಿಕೊಂಡಾಗ, ಮುಂದಿನ ಆರು ತಿಂಗಳಲ್ಲಿ ಆತ್ಮಹತ್ಯೆಯ ವರ್ತನೆ ಸುಮಾರು ಶೇ 45ರಷ್ಟು ಕಡಿಮೆ ಇತ್ತು. ಹಾಳೆಯಷ್ಟೇ ಈ ಕೆಲಸ ಮಾಡಿತು ಎಂದು ನಾನು ನಂಬುವುದಿಲ್ಲ. ಒಬ್ಬರು ಪಕ್ಕದಲ್ಲಿ ಕುಳಿತು ಬರೆಸಿದರು, ಮರಳಿ ಫೋನ್ ಮಾಡಿದರು. ದೃಷ್ಟಿ ಕಿರಿದಾದ ಹೊತ್ತಿನಲ್ಲಿ ಏನೂ ಹೊಳೆಯದಿದ್ದರೂ ಓದಿ ಮಾಡಬಹುದಾದುದು ಕೈಯಲ್ಲಿತ್ತು.

ಇನ್ನು ಸುತ್ತಲಿನವರ ಪಾಲು. ಅನುಮಾನ ಬಂದರೆ ಕೇಳಿ. ಬಳಸಿ ಬಳಸಿ ಬೇಡ. "ಇಷ್ಟೊಂದು ನೋವಿದ್ದಾಗ ಕೆಲವರಿಗೆ ಸಾಯಬೇಕು ಅನ್ನಿಸುತ್ತದೆ. ನಿನಗೂ ಹಾಗೆ ಅನ್ನಿಸುತ್ತಿದೆಯಾ?" ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಎಲ್ಲ ಕಡೆಯೂ ಇದೆ. ಮ್ಯಾಡಲಿನ್ ಗೌಲ್ಡ್ ಮತ್ತು ಸಂಗಡಿಗರು ನ್ಯೂಯಾರ್ಕ್ ರಾಜ್ಯದ ಎರಡು ಸಾವಿರಕ್ಕೂ ಹೆಚ್ಚು ಪ್ರೌಢಶಾಲಾ ವಿದ್ಯಾರ್ಥಿಗಳಲ್ಲಿ ಇದನ್ನೇ ಪರೀಕ್ಷಿಸಿ 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಆತ್ಮಹತ್ಯೆಯ ಬಗ್ಗೆ ಪ್ರಶ್ನೆ ಕೇಳಿಸಿಕೊಂಡ ಮಕ್ಕಳಲ್ಲಿ ಸಂಕಟವೂ ಹೆಚ್ಚಲಿಲ್ಲ, ಸಾಯುವ ಯೋಚನೆಯೂ ಹೆಚ್ಚಲಿಲ್ಲ. ಮೊದಲೇ ಖಿನ್ನತೆಯಲ್ಲಿದ್ದ ಮಕ್ಕಳಿಗೆ ಆ ಪ್ರಶ್ನೆಯಿಂದ ಸಂಕಟ ಸ್ವಲ್ಪ ಕಡಿಮೆಯೇ ಆಗಿತ್ತು. ಹೌದು ಎಂದು ಉತ್ತರ ಬಂದರೆ ತಕ್ಷಣ ಸಮಾಧಾನದ ಮಾತು ಹುಡುಕಬೇಡಿ. "ಹೇಳಿದ್ದು ಒಳ್ಳೆಯದಾಯಿತು" ಎನ್ನಿ, ಕೇಳಿಸಿಕೊಳ್ಳಿ. ಹೇಗೆ, ಯಾವಾಗ ಎಂದು ಏನಾದರೂ ಯೋಚಿಸಿದ್ದಾರೆಯೇ ಎಂದು ವಿಚಾರಿಸಿ. ಯೋಚಿಸಿದ್ದರೆ ಅವರನ್ನು ಒಂಟಿಯಾಗಿ ಬಿಡಬೇಡಿ, ಆ ವಸ್ತುವನ್ನು ದೂರ ಮಾಡಿ, ಜೊತೆಗೆ ಹೋಗಿ ಚಿಕಿತ್ಸೆ ಕೊಡಿಸಿ. ಗುಟ್ಟಾಗಿಡುತ್ತೇನೆಂದು ಮಾತು ಕೊಡಬೇಡಿ. ನಿಮ್ಮೊಬ್ಬರ ಕೈಯಲ್ಲಿ ಎಲ್ಲವೂ ಆಗುವುದಿಲ್ಲ, ನಿಮಗೂ ಒಬ್ಬರು ಬೇಕು.

ಆಮೇಲೂ ಸಂಪರ್ಕ ಬಿಡಬೇಡಿ. ಸ್ಯಾನ್ ಫ್ರಾನ್ಸಿಸ್ಕೋದ ಮನೋವೈದ್ಯ ಜೆರೋಮ್ ಮೋಟೋ ಒಂದು ಕೆಲಸ ಮಾಡಿದರು. ಖಿನ್ನತೆ ಅಥವಾ ಆತ್ಮಹತ್ಯೆಯ ಸ್ಥಿತಿಯಿಂದಾಗಿ ಆಸ್ಪತ್ರೆಗೆ ಸೇರಿ, ಬಿಡುಗಡೆಯ ನಂತರ ಚಿಕಿತ್ಸೆ ಬೇಡವೆಂದ ಅಥವಾ ಅದನ್ನು ನಿಲ್ಲಿಸಿದ 843 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಐದು ವರ್ಷಗಳ ಕಾಲ ಆಗಾಗ ಚಿಕ್ಕ ಪತ್ರಗಳನ್ನು ಕಳುಹಿಸಿದರು. ನೀವು ಚೆನ್ನಾಗಿದ್ದೀರೆಂದು ಭಾವಿಸುತ್ತೇವೆ, ಬರೆಯಬೇಕೆನಿಸಿದರೆ ಬರೆಯಿರಿ, ಎಂಬಷ್ಟೇ ಧಾಟಿ. ಚಿಕಿತ್ಸೆಗೆ ಬನ್ನಿ ಎಂಬ ಒತ್ತಾಯವಿಲ್ಲ, ಉತ್ತರಿಸಲೇಬೇಕೆಂಬ ನಿರೀಕ್ಷೆಯಿಲ್ಲ. ಪತ್ರ ಪಡೆದವರಲ್ಲಿ ಆತ್ಮಹತ್ಯೆಯ ಪ್ರಮಾಣ ಕಡಿಮೆಯಿತ್ತು. ಮೊದಲ ಎರಡು ವರ್ಷಗಳಲ್ಲಂತೂ ವ್ಯತ್ಯಾಸ ಎದ್ದು ಕಾಣುವಂತಿತ್ತು. ನಿಮ್ಮ ಸಂದೇಶಕ್ಕೆ ಉತ್ತರ ಬಾರದಿದ್ದರೆ ಬೇಸರಿಸಿಕೊಳ್ಳಬೇಡಿ. ಎರಡು ವಾರ ಬಿಟ್ಟು ಮತ್ತೊಂದು ಕಳುಹಿಸಿ.

ಉಪನ್ಯಾಸದ ನಂತರ ಬಂದ ಎರಡು ಪ್ರಶ್ನೆಗಳನ್ನೂ ಇಲ್ಲಿ ಸೇರಿಸುತ್ತಿದ್ದೇನೆ. ಒಬ್ಬ ತಾಯಿ, "ಮಗಳ ತೋಳಿನಲ್ಲಿ ಗುರುತುಗಳನ್ನು ನೋಡಿದ್ದೇನೆ. ನಾನು ನೋಡಿದ್ದು ಅವಳಿಗೆ ಗೊತ್ತಿಲ್ಲ. ಏನು ಮಾಡಲಿ?" ಎಂದು ಕೇಳಿದರು. ನಾನು ಹೇಳಿದ್ದು: ಇಂದೇ ಮಾತನಾಡಿ, ಆದರೆ ಮನೆಯವರೆಲ್ಲರ ಎದುರಿಗೆ ಬೇಡ. "ನಿನ್ನ ತೋಳು ನೋಡಿದೆ. ನನಗೆ ಕೋಪವಿಲ್ಲ. ಎಷ್ಟು ಕಷ್ಟವಾಗಿದ್ದರೆ ಹೀಗೆ ಮಾಡಿಕೊಂಡಿರಬೇಕು ನೀನು" ಎಂದು ಶುರು ಮಾಡಿ. ಏಕೆ ಎಂದು ಒತ್ತಾಯಿಸಬೇಡಿ, ಏಕೆಂದು ಅವಳಿಗೇ ಸರಿಯಾಗಿ ಗೊತ್ತಿರಲಿಕ್ಕಿಲ್ಲ. ತೋಳು ತೋರಿಸು ಎಂದು ದಿನವೂ ಪರಿಶೀಲಿಸಬೇಡಿ. ಹೊಸ ಗಾಯವಿದ್ದರೆ ಅದರ ಆರೈಕೆ ಮಾಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ಮಾತ್ರ ನೇರವಾಗಿ ಕೇಳಿ. ಈ ವಾರವೇ ಮನಶ್ಶಾಸ್ತ್ರಜ್ಞರನ್ನು ಕಾಣಲು ಸಮಯ ಗೊತ್ತುಮಾಡಿ, ಯಾರನ್ನು ಕಾಣಬೇಕೆಂಬುದರಲ್ಲಿ ಅವಳ ಮಾತೂ ಇರಲಿ.

ಹಿಂದಿನ ಸಾಲಿನಿಂದ ಒಬ್ಬ ಯುವಕ, "ನಾನು ಒಮ್ಮೆ ಹೇಳಿ ನೋಡಿದೆ. ಧೈರ್ಯ ತಂದುಕೋ, ಎಲ್ಲರಿಗೂ ಕಷ್ಟ ಇರುತ್ತದೆ ಎಂದರು. ಮತ್ತೆ ಯಾರಿಗೆ ಹೇಳಲಿ?" ಎಂದ. ಸಭೆ ಸುಮ್ಮನಾಯಿತು. ನಾನು ಅವನಿಗೆ ಹೇಳಿದೆ: ನೀನು ಹೇಳಿದ್ದು ಸರಿಯಾಗಿಯೇ ಇತ್ತು, ಅವರಿಗೆ ಕೇಳಿಸಿಕೊಳ್ಳಲು ಬರಲಿಲ್ಲ. ಎರಡನೆಯವರಿಗೆ ಹೇಳುವಾಗ ಮೊದಲೇ, "ಧೈರ್ಯ ಹೇಳಬೇಡಿ, ಹತ್ತು ನಿಮಿಷ ಕೇಳಿಸಿಕೊಳ್ಳಿ" ಎಂದುಬಿಡು. ಸಹಾಯವಾಣಿಯಲ್ಲೂ ಒಬ್ಬರ ಜೊತೆ ಮಾತು ಹೊಂದದಿದ್ದರೆ ಕರೆ ಮುಗಿಸಿ ಮತ್ತೆ ಮಾಡು, ಬೇರೊಬ್ಬರು ಸಿಗಬಹುದು. ಆಪ್ತ ಸಲಹೆಗಾರರನ್ನು ಬದಲಾಯಿಸುವುದೂ ತಪ್ಪಲ್ಲ. ಸದ್ಯಕ್ಕೆ, ಪಕ್ಕದ ಕೊಠಡಿಯಲ್ಲಿ ಇಬ್ಬರು ಆಪ್ತ ಸಲಹೆಗಾರರು ಕುಳಿತಿದ್ದಾರೆ. ಹೆಸರು ಬರೆಸಬೇಕಾಗಿಲ್ಲ. ಬೇಕಾದರೆ ನಾನೂ ನಿನ್ನ ಜೊತೆ ಬರುತ್ತೇನೆ.